ಮೇಷ್ಟ್ರು ಊರಲ್ಲಿಲ್ಲ

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲಿ ಸಿಹಿಯ ಪೊಟ್ಟಣ, ಮುಖದಲ್ಲಿ ಸಂತೋಷ. ಸರ್ಕಾರ 2024ರಲ್ಲಿ ಒಂದು ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ಹುದ್ದೆಗೆ ಅರ್ಜಿ ಕರೆದಿತ್ತಲ್ಲ, ಅದರಲ್ಲಿ ಅವನು ಆಯ್ಕೆಯಾಗಿದ್ದ. ನಾವು ಹಿಂದೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದ ಹುದ್ದೆಯೇ ಅದು. ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯ ಹುಡುಗನಿಗೆ ಕನಕಪುರದಾಚೆ ಕೋಡಿಹಳ್ಳಿ ಕಡೆಯ ಒಂದು ವೃತ್ತ ಸಿಕ್ಕಿತ್ತು. ಕಾಫಿ ಕುಡಿದು ಮುಗಿಸಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಕೇಳಿದ:

“ಸಾರ್, ಕೇಂದ್ರಸ್ಥಾನದಲ್ಲೇ ವಾಸ ಮಾಡಬೇಕು ಅಂತಾರೆ. ಅಲ್ಲಿ ಯಾರ ಹತ್ತಿರವಾದರೂ ಒಂದು ಬಾಡಿಗೆ ಕರಾರು ಬರೆಸಿಕೊಂಡು ಕೊಟ್ಟರೆ ಸಾಕಂತೆ. ನಾನು ನಮ್ಮೂರಿಂದಲೇ ಬೈಕಿನಲ್ಲಿ ಓಡಾಡಲಾ? ನೀವೇನಂತೀರಿ?”

ಪ್ರಶ್ನೆ ಸಣ್ಣದು. ಆದರೆ ಉತ್ತರ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಏಕೆಂದರೆ ಇದೇ ಹುಡುಗನಿಗೆ ಹತ್ತು ವರ್ಷದ ಹಿಂದೆ ನಾನು ಒಂದು ಪಾಠ ಹೇಳಿದ್ದೆ. ಲೋಲಕದ ಪ್ರಯೋಗವನ್ನು ಮಾಡದೆಯೇ, ಪಕ್ಕದವನ ಪುಸ್ತಕ ನೋಡಿ ಅಂಕಿಗಳನ್ನು ಬರೆದುಕೊಂಡು ಬಂದಿದ್ದ. “ಮಾಡದ ಪ್ರಯೋಗದ ಫಲಿತಾಂಶ ಬರೆಯುವುದು ವಿಜ್ಞಾನವಲ್ಲ, ಸುಳ್ಳು” ಎಂದು ಇಡೀ ತರಗತಿಯ ಮುಂದೆ ಗದರಿಸಿದ್ದೆ. ಅವನು ಅತ್ತಿದ್ದ. ಅದೇ ವರ್ಷ, ಹೆಚ್ಚುಕಡಿಮೆ ಅದೇ ತಿಂಗಳು, ನಾನು ಶಾಲೆಯ ಊರಿನಲ್ಲೇ ವಾಸವಾಗಿದ್ದೇನೆ ಎಂಬ ಒಂದು ಕಾಗದಕ್ಕೆ ಸಹಿ ಹಾಕಿ ಮೇಲಿನವರಿಗೆ ಕಳಿಸಿದ್ದೆ. ಊರಿನ ಒಬ್ಬ ಹಿರಿಯರು ತಮ್ಮ ಮನೆಯ ಹೊರಗಿನ ಕೋಣೆಯಲ್ಲಿ ನಾನು ಬಾಡಿಗೆಗೆ ಇದ್ದೇನೆಂದು ಪ್ರೀತಿಯಿಂದ ಬರೆದುಕೊಟ್ಟಿದ್ದರು. ಆ ಕೋಣೆಯಲ್ಲಿ ಆಗ ರಾಗಿ ಮೂಟೆಗಳಿದ್ದವು. ನಾನು ಇದ್ದದ್ದು ಕೆಂಗೇರಿಯಲ್ಲಿ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕೂ ಊರು ಬೆಂಗಳೂರಿಗೆ ಹೆಚ್ಚೆಂದರೆ 60 ಕಿಲೋಮೀಟರು. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಬಸ್ಸೇ ಗತಿ. ರಾಮನಗರ, ಚನ್ನಪಟ್ಟಣಗಳಿಗೆ ಮೈಸೂರು ದಾರಿಯ ರೈಲುಗಳಿವೆ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಕೆಂಗೇರಿಯಿಂದ ಹತ್ತಿ ನೋಡಿ: ಒಂದು ಬೋಗಿಯಲ್ಲಿ ತಾಲ್ಲೂಕು ಕಚೇರಿ, ಇನ್ನೊಂದರಲ್ಲಿ ಖಜಾನೆ, ಮತ್ತೊಂದರಲ್ಲಿ ಅರ್ಧ ಶಿಕ್ಷಣ ಇಲಾಖೆ. ಬಿಡದಿ ದಾಟುವಷ್ಟರಲ್ಲಿ ಸಂಬಳ, ವರ್ಗಾವಣೆ, ಮಕ್ಕಳ ಸೀಟು ಎಲ್ಲ ಚರ್ಚೆಯಾಗಿರುತ್ತದೆ. ಸಂಜೆ ಅದೇ ಜನ, ಅದೇ ಕಿಟಕಿ, ಎದುರು ದಿಕ್ಕು.

1986ರಲ್ಲಿ ನಾವು ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಾದೆವು. 2007ರಲ್ಲಿ ರಾಮನಗರವೇ ಜಿಲ್ಲೆಯಾಯಿತು. ಕಚೇರಿಗಳು ಹೆಚ್ಚಿದವು, ಜೊತೆಗೆ ರೈಲಿನಲ್ಲಿ ಬರುವವರೂ ಹೆಚ್ಚಿದರು. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರಿನವರಿಗೂ ಅನುಕೂಲವಾಯಿತು. 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸಚಿವ ಸಂಪುಟ ಒಪ್ಪಿತು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಗುತ್ತಾ ಹೇಳಿದರು: “ಈಗ ಬಿಡಿ, ಬೆಂಗಳೂರಿನಲ್ಲಿದ್ದರೂ ಜಿಲ್ಲೆಯಲ್ಲೇ ಇದ್ದ ಹಾಗೆ.”

ಸರ್ಕಾರಿ ನೌಕರ ತನ್ನ ಕೇಂದ್ರಸ್ಥಾನದಲ್ಲಿ ಇರಬೇಕು, ಅನುಮತಿಯಿಲ್ಲದೆ ಬಿಟ್ಟು ಹೋಗಬಾರದು ಎಂಬುದು ಹಳೆಯ ನಿಯಮ. ವರ್ಷಕ್ಕೊಮ್ಮೆ ಎರಡು ಬಾರಿ ಅದನ್ನು ನೆನಪಿಸುವ ಸುತ್ತೋಲೆ ಬರುತ್ತದೆ. ಸುತ್ತೋಲೆಯನ್ನು ಎಲ್ಲರೂ ಓದಿ ಸಹಿ ಮಾಡಿ ಸಂಜೆಯ ಗಾಡಿಗೆ ಹೊರಡುತ್ತೇವೆ.

ಈ ನಿಯಮ ಏಕೆ ಬಂತು ಎಂದು ಯೋಚಿಸಿದರೆ ನಮ್ಮ ತಾತಂದಿರ ಕಾಲದ ಶಾನುಭೋಗರು ನೆನಪಾಗುತ್ತಾರೆ. ಶಾನುಭೋಗ, ಪಟೇಲರಿಗೆ ಯಾವ ಸರ್ಕಾರವೂ ಊರಿನಲ್ಲಿರಿ ಎಂದು ಸುತ್ತೋಲೆ ಕಳಿಸಬೇಕಾಗಿರಲಿಲ್ಲ. ಅವರು ಊರಿನವರೇ, ವಂಶಪಾರಂಪರ್ಯವಾಗಿ ಬಂದವರು. ಲೆಕ್ಕದ ಪುಸ್ತಕ ಅವರ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. ತೊಂದರೆ ಬೇರೆಯದು: ಊರಿನವರಾದ್ದರಿಂದ ಊರಿನ ಜಗಳ, ಜಾತಿ, ದಾಯಾದಿತನ ಎಲ್ಲವೂ ಅವರ ಲೇಖನಿಯಲ್ಲಿ ಇಳಿಯಬಹುದಾಗಿತ್ತು. 1961ರ ಕಾಯಿದೆಯ ಮೂಲಕ ಆ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿ, 1963ರ ಫೆಬ್ರವರಿಯಿಂದ ಜಾರಿಗೆ ತಂದರು. ಅವರ ಜಾಗಕ್ಕೆ ಸಂಬಳದ, ವರ್ಗಾವಣೆಯ ನೌಕರ ಬಂದ. ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಜನರಿಗೆ ಬೇಕಾದ್ದು ಸ್ವಲ್ಪ ಕಷ್ಟದ ಸಂಗತಿ: ನೌಕರ ಊರಿನವನಾಗಿರಬಾರದು, ಆದರೆ ಊರಿನಲ್ಲಿರಬೇಕು.

ಮಕ್ಕಳು ಈ ಎರಡನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಸ್ಪರ್ಧಾತ್ಮಕ ಪರೀಕ್ಷೆಯಲ್ಲೂ ಕೇಳುತ್ತಾರೆ. ನೌಕರಿಗೆ ಮೊದಲು ನೀನು ಎಲ್ಲಿಯವನು ಎಂದು ಕೇಳುವುದು ಒಂದು. ನೌಕರಿ ಸಿಕ್ಕ ಮೇಲೆ ಎಲ್ಲಿರುತ್ತೀಯೆ ಎಂದು ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಸಂವಿಧಾನ ಕಡಿವಾಣ ಹಾಕಿದೆ. 16ನೆಯ ವಿಧಿಯ ಪ್ರಕಾರ, ಹುಟ್ಟಿದ ಊರು ಅಥವಾ ವಾಸದ ಊರು ಎಂಬ ಕಾರಣ ಮಾತ್ರಕ್ಕೆ ಯಾರಿಗೂ ಸರ್ಕಾರಿ ಕೆಲಸ ನಿರಾಕರಿಸುವಂತಿಲ್ಲ. ವಾಸದ ಷರತ್ತು ಬೇಕಿದ್ದರೆ ಅದನ್ನು ಸಂಸತ್ತೇ ಮಾಡಬೇಕು, ರಾಜ್ಯಗಳಲ್ಲ. 1957ರಲ್ಲಿ ಸಂಸತ್ತು ಕಾನೂನು ಮಾಡಿ, ಕೆಲವೇ ಪ್ರದೇಶಗಳನ್ನು ಬಿಟ್ಟು ಉಳಿದೆಡೆ ಇಂಥ ಷರತ್ತುಗಳನ್ನು ತೆಗೆದುಹಾಕಿತು. ರಾಜಸ್ಥಾನದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕದಲ್ಲಿ ಆಯಾ ಜಿಲ್ಲೆಯವರಿಗೆ, ಹಳ್ಳಿಯವರಿಗೆ ಹೆಚ್ಚುವರಿ ಅಂಕ ಕೊಟ್ಟದ್ದನ್ನು 2002ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸ್ಥಳೀಯರಿಗೆ ಮೀಸಲಾತಿ ಸಿಕ್ಕಿರುವುದು ಅದಕ್ಕಾಗಿಯೇ ಸಂವಿಧಾನ ತಿದ್ದುಪಡಿ ಮಾಡಿ 371ಜೆ ವಿಧಿಯನ್ನು ಸೇರಿಸಿದ್ದರಿಂದ.

ಎರಡನೆಯ ಪ್ರಶ್ನೆಯಲ್ಲಿ ಕಾನೂನು ಇಷ್ಟು ಮೃದುವಲ್ಲ. ಇದು ನಮ್ಮ ದೇಶದ ತಲೆನೋವು ಮಾತ್ರವೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 16 ವರ್ಷ ಸೇವೆ ಮಾಡಿದ ಅಗ್ನಿಶಾಮಕ ದಳದ ನೌಕರನೊಬ್ಬ ಮನೆಯನ್ನು ಪಕ್ಕದ ನ್ಯೂಜೆರ್ಸಿ ರಾಜ್ಯಕ್ಕೆ ಬದಲಿಸಿದ. ನಗರ ಅವನನ್ನು ಕೆಲಸದಿಂದ ತೆಗೆಯಿತು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಗರದ ಪರವಾಗಿಯೇ ಹೇಳಿತು. ಷಿಕಾಗೋ ನಗರದಲ್ಲಿ ಪೊಲೀಸರು, ನಗರಸಭೆಯ ನೌಕರರು ನಗರದೊಳಗೇ ಮನೆ ಮಾಡಬೇಕೆಂಬ ನಿಯಮ ದೀರ್ಘಕಾಲದಿಂದ ಇದೆ. ಇನ್ನೊಂದೆಡೆ ಒಹಾಯೋ ರಾಜ್ಯ 2006ರಲ್ಲಿ ಊರುಗಳು ಇಂಥ ಷರತ್ತು ಹಾಕದಂತೆ ಕಾನೂನು ಮಾಡಿತು, 2009ರಲ್ಲಿ ಅಲ್ಲಿನ ಹೈಯರ್ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೆಂಕಿ ಬಿದ್ದಾಗ ನಂದಿಸುವವನು ಹತ್ತಿರ ಇರಬೇಕು ಎನ್ನುವುದೂ ನ್ಯಾಯ. ಮನುಷ್ಯ ತನ್ನ ಸಂಸಾರವನ್ನು ತನಗೆ ಬೇಕಾದಲ್ಲಿ ಇಡಬಹುದು ಎನ್ನುವುದೂ ನ್ಯಾಯ. ಎರಡು ನ್ಯಾಯಗಳ ಜಗಳ ಅಲ್ಲೂ ಮುಗಿದಿಲ್ಲ.

ಈಗ ನನ್ನ ಕಥೆ. ಮೊದಲ ಕೆಲಸ ಸಿಕ್ಕಿದ್ದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೊನೆಯ ಬಸ್ಸು ಸಂಜೆ ಆರಕ್ಕೆ. ಅದರ ಮೇಲೆ ನಂಬಿಕೆ ಇಡುವಂತಿರಲಿಲ್ಲ. ಹಾಗಾಗಿ ಮದುವೆಯಾಗದ ನಾನು ಅಲ್ಲೇ ಒಂದು ಹೆಂಚಿನ ಮನೆ ಹಿಡಿದೆ. ನಿಯಮಕ್ಕೆ ಹೆದರಿ ಅಲ್ಲ, ಬಸ್ಸಿಲ್ಲದ್ದಕ್ಕೆ. 1997ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ ಹೇಲ್ ಬಾಪ್ ಧೂಮಕೇತು ಸಂಜೆಯ ಆಕಾಶದಲ್ಲಿ ಬರಿಗಣ್ಣಿಗೆ ಕಾಣುತ್ತಿತ್ತು. ಊರಿನಲ್ಲಿ ಆಗಲೇ ಗುಸುಗುಸು. ಬಾಲದ ನಕ್ಷತ್ರ ಬಂದರೆ ರಾಜನಿಗೆ ಕೇಡು, ಊರಿಗೆ ಬೇನೆ ಎಂದು ಒಬ್ಬ ಅಜ್ಜಿ ಎಲ್ಲರನ್ನೂ ಹೆದರಿಸಿದ್ದಳು. ಕತ್ತಲಾದ ಮೇಲೆ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದೆ. ವಾಯವ್ಯಕ್ಕೆ ಕೈ ತೋರಿಸಿ, ಅದು ಹಿಮ ಮತ್ತು ದೂಳಿನ ಗಡ್ಡೆ, ಸೂರ್ಯನ ಶಾಖಕ್ಕೆ ಆವಿಯಾಗಿ ಬಾಲ ಬಂದಿದೆ, ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತದೆ ಎಂದೆಲ್ಲ ಹೇಳಿದೆ. ಮತ್ತೆ ಬರುವುದು 4385ನೇ ಇಸವಿಯ ಸುಮಾರಿಗೆ ಎಂದಾಗ ಒಬ್ಬ ಹುಡುಗ “ಹಾಗಾದರೆ ಸರಿಯಾಗಿ ನೋಡಿಕೊಂಡುಬಿಡೋಣ ಸಾರ್” ಎಂದ. ಮೂರನೆಯ ದಿನ ಆ ಅಜ್ಜಿಯೇ ಮೊಮ್ಮಗನ ಕೈ ಹಿಡಿದು ಬಂದಳು. ಆಮೇಲೆ ಬಾವಿಕಟ್ಟೆಯಲ್ಲಿ ಅವಳೇ ಪಾಠ ಮಾಡಿದಳಂತೆ: “ಅದು ಐಸಿನ ಗಡ್ಡೆ ಕಣ್ರೇ, ನಮ್ಮ ಮೇಷ್ಟ್ರು ಹೇಳವ್ರೆ.”

ಆ ಏಳು ವರ್ಷ ನಾನು ಒಳ್ಳೆಯ ಶಿಕ್ಷಕನಾಗಿದ್ದೆ ಎಂದು ಅಂದುಕೊಂಡಿದ್ದೇನೆ. ಅದಕ್ಕೆ ನನ್ನ ಜಾಣತನ ಕಾರಣವಲ್ಲ. ರಾತ್ರಿ ಎಂಟಕ್ಕೆ ಲೆಕ್ಕ ತಿಳಿಯದವನು ಬಾಗಿಲು ತಟ್ಟಬಹುದಾಗಿತ್ತು. ಶಾಲೆ ಬಿಡಿಸಬೇಕೆಂದಿದ್ದ ಅಪ್ಪನನ್ನು ಜಗಲಿಯ ಮೇಲೆ ಹಿಡಿದು ಮಾತಾಡಬಹುದಾಗಿತ್ತು.

ಮದುವೆಯಾಯಿತು, ಮಗಳು ಹುಟ್ಟಿದಳು, 2004ರಲ್ಲಿ ಚನ್ನಪಟ್ಟಣ ತಾಲ್ಲೂಕಿಗೆ ವರ್ಗವಾಯಿತು. ಮಗಳ ಓದಿಗೆ, ಹೆಂಡತಿಯ ಕೆಲಸಕ್ಕೆ ಕೆಂಗೇರಿಯೇ ಸರಿ ಎಂದು ತೀರ್ಮಾನಿಸಿದೆವು. ಇದನ್ನು ಓದುವ ತಂದೆ ತಾಯಿಯರು ನನ್ನನ್ನು ಬೈಯುವ ಮೊದಲು ಒಂದು ಮಾತು ಕೇಳಬೇಕು. ನನ್ನ ಶಾಲೆಯ ಊರಿನಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದವರು ತಮ್ಮ ಮಕ್ಕಳನ್ನು ಚನ್ನಪಟ್ಟಣದ, ರಾಮನಗರದ ಖಾಸಗಿ ಶಾಲೆಗಳಿಗೆ ವ್ಯಾನು ಹತ್ತಿಸಿ ಕಳಿಸುತ್ತಿದ್ದರು. ಮಗಳಿಗೆ ಊರಿನ ಶಾಲೆ ಸಾಲದು ಎಂದು ಅವರು ಹೇಗೆ ಯೋಚಿಸಿದರೋ ನಾನೂ ಹಾಗೇ ಯೋಚಿಸಿದೆ. ತಪ್ಪು ಇಬ್ಬರದ್ದೂ ಒಂದೇ ಬಗೆಯದು. ಆದರೆ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ.

ಇರಬೇಕೆಂದು ಹೊರಟವರಿಗೂ ದಾರಿ ಸುಲಭವಿಲ್ಲ. ನನ್ನ ಸಹೋದ್ಯೋಗಿ ಶಿಕ್ಷಕಿಯೊಬ್ಬರು ಊರಿನಲ್ಲೇ ಮನೆ ಮಾಡಲು ಮೂರು ಬಾಗಿಲು ತಟ್ಟಿದರು. ಮೂರರಲ್ಲೂ ಮೊದಲ ಪ್ರಶ್ನೆ “ನೀವು ಯಾವ ಜನ?” ಉತ್ತರ ಕೇಳಿದ ಮೇಲೆ ಮನೆಗೆ ಇದ್ದಕ್ಕಿದ್ದಂತೆ ಸುಣ್ಣ ಬಳಿಯುವುದಿತ್ತು, ಮಗಳ ಬಾಣಂತನವಿತ್ತು. ನಾಲ್ಕನೆಯ ಬಾಗಿಲು ಅವರು ತಟ್ಟಲಿಲ್ಲ. “ಟೀಚರಮ್ಮ ಊರಲ್ಲಿರಲ್ಲ” ಎಂದು ಆಮೇಲೆ ಗ್ರಾಮಸಭೆಯಲ್ಲಿ ದೂರು ಹೇಳಿದವರಲ್ಲಿ ಆ ಮೂರು ಮನೆಯವರೂ ಇದ್ದರು. ಇನ್ನು ದುಡ್ಡಿನ ಲೆಕ್ಕ. ಮನೆ ಬಾಡಿಗೆ ಭತ್ಯೆ ಕೆಲಸದ ಊರಿನ ಲೆಕ್ಕದಲ್ಲಿ ಸಿಗುತ್ತದೆ. 2024ರ ಆಗಸ್ಟ್‌ನ ಪರಿಷ್ಕರಣೆಯಂತೆ ಬೆಂಗಳೂರಿನಂಥ ನಗರಕ್ಕೆ ಮೂಲ ವೇತನದ ನೂರಕ್ಕೆ 20, ಸಣ್ಣ ಊರಿಗೆ ಏಳೂವರೆ. ಮೂಲ ವೇತನ 50,000 ಇರುವವರಿಗೆ ಬೆಂಗಳೂರಿನಲ್ಲಿ 10,000, ಹಳ್ಳಿಯಲ್ಲಿ 3,750. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಾ ಹಳ್ಳಿಯ ಭತ್ಯೆ ಪಡೆಯುವುದು ನಷ್ಟದ ವ್ಯವಹಾರವೇ. ಅಷ್ಟು ನಷ್ಟ ಮಾಡಿಕೊಂಡೂ ಜನ ನಗರದಲ್ಲಿರುತ್ತಾರೆ ಎಂದರೆ ಹಳ್ಳಿಯಲ್ಲಿ ಏನಿಲ್ಲ ಎಂಬುದನ್ನು ಸುತ್ತೋಲೆ ಬರೆಯುವವರು ಯೋಚಿಸಬೇಕು.

ಇಷ್ಟೆಲ್ಲ ಸಮಾಧಾನಗಳನ್ನು ನಾನು ಹದಿನಾಲ್ಕು ವರ್ಷ ಹೇಳಿಕೊಂಡೆ. ಅವುಗಳಲ್ಲಿ ಒಂದೂ ಸುಳ್ಳಲ್ಲ. ಹಾಗಿದ್ದೂ 2018ರ ಜನವರಿ 31ರ ಸಂಜೆ ಅವು ಯಾವುವೂ ಉಪಯೋಗಕ್ಕೆ ಬರಲಿಲ್ಲ.

ಅಂದು ಪೂರ್ಣ ಚಂದ್ರಗ್ರಹಣ. ನಮ್ಮ ಕಡೆ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಸಂಜೆ 6 ಗಂಟೆ 21 ನಿಮಿಷದಿಂದ 7 ಗಂಟೆ 38 ನಿಮಿಷದವರೆಗೆ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿ. ಬೆಳಿಗ್ಗೆ ತರಗತಿಯಲ್ಲಿ ಟಾರ್ಚು, ಚೆಂಡು ಇಟ್ಟು ಚೆನ್ನಾಗಿಯೇ ಪಾಠ ಮಾಡಿದೆ. ಚಂದ್ರ ಏಕೆ ಕೆಂಪಾಗುತ್ತಾನೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದೆ. “ಸಂಜೆ ತಪ್ಪದೇ ನೋಡಿ” ಎಂದು ಹೇಳಿ ಗಾಡಿಗೆ ಹೊರಟೆ. ರಾಮನಗರ ದಾಟಿದ ಮೇಲೆ ಕಿಟಕಿಯಾಚೆ, ಪೂರ್ವದಲ್ಲಿ, ಬೂದು ಬಣ್ಣದ ಆಕಾಶದಲ್ಲಿ ತಾಮ್ರದ ತಟ್ಟೆಯಂತೆ ಅವನು ಕಂಡ. ಪಕ್ಕದವರನ್ನು ತಟ್ಟಿ ತೋರಿಸಿದೆ. ನೋಡಿ “ಹೌದಾ” ಎಂದು ಮತ್ತೆ ಫೋನಿಗೆ ಬಗ್ಗಿದರು.

ಮರುದಿನ ತರಗತಿಯಲ್ಲಿ ಕೇಳಿದೆ: “ಎಷ್ಟು ಜನ ನೋಡಿದಿರಿ?” ನಲವತ್ತೊಂದು ಮಕ್ಕಳಲ್ಲಿ ಇಬ್ಬರು ಕೈ ಎತ್ತಿದರು. ಉಳಿದವರನ್ನು ಮನೆಯವರು ಒಳಗೆ ಕೂಡಿಸಿ ಬಾಗಿಲು ಹಾಕಿದ್ದರು. ಈಗ ಲೆಕ್ಕಿಗನಾಗಿರುವ ಹುಡುಗನ ತಂಗಿ ಆಗ ಎಂಟನೆಯ ತರಗತಿ. ಎದ್ದು ನಿಂತು ಹೇಳಿದಳು: “ನಾನು ಹೇಳ್ದೆ ಸಾರ್, ನಮ್ಮ ಸಾರ್ ನೋಡಿ ಅಂದವ್ರೆ ಅಂತ. ಅಜ್ಜಿ ಕೇಳಿದ್ರು, ನಿಮ್ಮ ಮೇಷ್ಟ್ರು ಎಲ್ಲಿ, ಬಂದು ಹೇಳಲಿ ಅಂತ. ನೀವು ಊರಲ್ಲಿರಲಿಲ್ಲ ಸಾರ್.”

ಅವಳು ದೂರಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೆ. ನಾನು ಬೋರ್ಡಿನ ಕಡೆ ತಿರುಗಿ ಹಿಂದಿನ ದಿನದ ಚಿತ್ರವನ್ನು ಒರೆಸಿದೆ.

ಶಿಕ್ಷಣ ಹಕ್ಕು ಕಾಯಿದೆ 2009ರದು. ಶಿಕ್ಷಕ ನಿಯಮಿತವಾಗಿ, ಸಮಯಕ್ಕೆ ಸರಿಯಾಗಿ ಶಾಲೆಗೆ ಬರಬೇಕೆಂದು ಅದರಲ್ಲಿದೆ. ಅದನ್ನು ನಾನು ಮುರಿದವನಲ್ಲ. ಗಾಡಿ ತಡವಾದ ದಿನ ಬಿಟ್ಟರೆ ಪ್ರಾರ್ಥನೆಗೆ ತಪ್ಪಿಸಿಕೊಂಡಿಲ್ಲ. ಆದರೆ ವಿಜ್ಞಾನ ಹತ್ತರಿಂದ ನಾಲ್ಕೂವರೆಯವರೆಗೆ ಮಾತ್ರ ನಡೆಯುವ ವಿಷಯವಲ್ಲ, ಮೌಢ್ಯವೂ ಅಲ್ಲ. ನನ್ನ ಗಂಟೆ ಮುಗಿದ ಮೇಲೆ ಅದರ ಗಂಟೆ ಶುರುವಾಗುತ್ತಿತ್ತು.

ಆಮೇಲೆ ನಾನು ದೊಡ್ಡ ತ್ಯಾಗವನ್ನೇನೂ ಮಾಡಲಿಲ್ಲ. ಸಂಸಾರ ಕೆಂಗೇರಿಯಲ್ಲೇ ಉಳಿಯಿತು. ಕರಾರು ಬರೆದುಕೊಟ್ಟಿದ್ದ ಹಿರಿಯರ ಬಳಿ ಹೋಗಿ, ಆ ಕೋಣೆಯನ್ನು ನಿಜವಾಗಿಯೇ ಬಾಡಿಗೆಗೆ ಕೊಡಿ ಎಂದೆ. ಅವರು ನಕ್ಕು ರಾಗಿ ಮೂಟೆ ಸರಿಸಿದರು. ವಾರಕ್ಕೆ ಎರಡು ರಾತ್ರಿ ಅಲ್ಲಿ ಇರತೊಡಗಿದೆ. ಸುಳ್ಳು ಪೂರ್ತಿ ನಿಜವಾಗಲಿಲ್ಲ, ಏಳರಲ್ಲಿ ಎರಡು ಪಾಲು ನಿಜವಾಯಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಬೆಳಿಗ್ಗೆ ಎಂಟರ ಸುಮಾರಿಗೆ ಶುರು, ಒಂಬತ್ತೂವರೆಗೆ ಸೂರ್ಯನ ಬಹುಭಾಗ ಮುಚ್ಚಿತ್ತು. ಗಾಡಿಯಲ್ಲಿ ಬಂದಿದ್ದರೆ ಅರ್ಧ ಮುಗಿದಿರುತ್ತಿತ್ತು. ಹಿಂದಿನ ರಾತ್ರಿ ಅಲ್ಲೇ ಇದ್ದೆ, ಮನೆಮನೆಗೆ ಹೋಗಿ ಹೇಳಿದ್ದೆ. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿದೆವು. ಮೋಡ ಸರಿದಾಗಲೆಲ್ಲ ಹೊಂಗೆಯ ಮರದ ಕೆಳಗೆ ನೂರಾರು ಕುಡುಗೋಲಿನ ಆಕಾರದ ಬೆಳಕು. ಎಲ್ಲರೂ ನೋಡುತ್ತಿರುವಂತೆ ನಾನು ಎರಡು ಇಡ್ಲಿ ತಿಂದೆ. ಆ ಹುಡುಗಿಯ ಅಜ್ಜಿ ದೂರದಲ್ಲಿ ನಿಂತು, ನನಗೆ ಏನಾಗುತ್ತದೆಂದು ಮಧ್ಯಾಹ್ನದವರೆಗೆ ಕಾದಳು.

ವಿಧಾನಸೌಧದ ಮೇಲೆ “ಸರ್ಕಾರದ ಕೆಲಸ ದೇವರ ಕೆಲಸ” ಎಂದು ಬರೆಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ಸೀಮೆಯವರೇ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರು. ಆ ಮಾತನ್ನು ನೆನೆದು ನನ್ನ ಮನೆಯ ಯಜಮಾನರು ಒಮ್ಮೆ ಹೇಳಿದರು: “ದೇವರ ಕೆಲಸ ಸರಿ ಮೇಷ್ಟ್ರೇ. ಪೂಜಾರಿ ಗುಡಿ ಬೀಗದ ಕೈನ ಜೇಬಲ್ಲಿಟ್ಕೊಂಡು ಬೆಂಗಳೂರಿಗೆ ಹೋದ್ರೆ ದೇವರು ಏನ್ ಮಾಡ್ತಾನೆ?”

ಎಲ್ಲ ನೌಕರರಿಗೂ ಒಂದೇ ನಿಯಮ ಬೇಕೆಂದು ನನಗೆ ಅನಿಸುವುದಿಲ್ಲ. ಖಜಾನೆಯ ಗುಮಾಸ್ತ ರಾತ್ರಿ ಎಲ್ಲಿ ಮಲಗಿದರೂ ಬೆಳಗಿನ ಕಡತಕ್ಕೆ ತೊಂದರೆಯಿಲ್ಲ. ಆದರೆ ಲೆಕ್ಕಿಗ, ದಾದಿ, ಲೈನ್‌ಮನ್ ಇವರ ಕೆಲಸ ಕೇಳಿಕೊಂಡು ಬರುವುದಿಲ್ಲ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿ ಸಂಚಾರ ನಿಂತಿತಲ್ಲ, ಅಂಥ ದಿನ ಜನರ ಕೈಗೆ ಸಿಗುವವನು ಊರಿನಲ್ಲಿ ಮಲಗಿ ಎದ್ದವನೇ. ಅಂಥ ಹುದ್ದೆಗಳಿಗೆ ಊರಿನಲ್ಲಿರು ಎಂದು ಕಟ್ಟುನಿಟ್ಟಾಗಿ ಹೇಳಬೇಕು, ಹೇಳುವ ಮೊದಲು ಒಂದು ವಸತಿಗೃಹ ಕಟ್ಟಿಕೊಡಬೇಕು. ಕಟ್ಟದೆ ಹೇಳಿದರೆ ನಾನು ತಂದುಕೊಟ್ಟಂಥ ಕಾಗದಗಳು ಬರುತ್ತವೆ. ಊರಿನವರೂ ಬಾಗಿಲು ತೆಗೆಯುವ ಮೊದಲು ಜಾತಿ ಕೇಳುವುದನ್ನು ಬಿಡಬೇಕು.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ನನ್ನ ಕಾಗದದ ವಿಷಯವನ್ನೂ ಹೇಳಿದೆ. ಅದು ಕಷ್ಟವಾಯಿತು. ಅವನು ಸ್ವಲ್ಪ ಹೊತ್ತು ನೆಲ ನೋಡಿ, “ಲೋಲಕದ ಪ್ರಯೋಗಕ್ಕೆ ನನ್ನನ್ನು ಬೈದಿದ್ದು ಅದೇ ವರ್ಷವಾ ಸಾರ್?” ಎಂದ. ಹೌದು ಎಂದೆ. ಅವನು ನಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ನೋಡಿಕೊಳ್ಳಬೇಕು, ಯೋಚಿಸುತ್ತೇನೆ ಎಂದು ಹೇಳಿ ಹೋದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆರಕ್ಕೇ ಅವನ ಫೋನು. ರಾತ್ರಿ ಮಳೆಗೆ ಅವನ ವೃತ್ತದಲ್ಲಿ ಒಬ್ಬ ಮುದುಕಿಯ ಮನೆಯ ಗೋಡೆ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಹನ್ನೊಂದು ಗಂಟೆಗೆ ಬಂದು ಬಾಗಿಲು ತಟ್ಟಿದರಂತೆ. ಟಾರ್ಚು ಹಿಡಿದು ಹೋಗಿ, ಮುದುಕಿಯನ್ನು ಶಾಲೆಯ ಕೋಣೆಗೆ ಸೇರಿಸಿ, ಬೆಳಕು ಹರಿದ ಮೇಲೆ ಅಳತೆ ತೆಗೆದುಕೊಂಡು ವರದಿ ಬರೆದನಂತೆ.

“ಯಾವ ಬಾಗಿಲು ತಟ್ಟಿದರು?” ಎಂದು ಕೇಳಿದೆ.

“ನನ್ನ ರೂಮಿಂದು ಸಾರ್. ನಾಲ್ಕು ದಿನ ಇಲ್ಲಿ, ಮೂರು ದಿನ ಮನೆ. ಕರಾರಿನಲ್ಲೂ ಹಾಗೇ ಬರೆದಿದ್ದೀನಿ” ಎಂದ.

ಮೂರು ದಿನ ಮನೆ ಎಂದು ಬರೆದ ಕರಾರನ್ನು ಮೇಲಿನವರು ಒಪ್ಪುತ್ತಾರೋ ಇಲ್ಲವೋ. ನಾನಾಗಿದ್ದರೆ ಆ ದಾಖಲೆಗೆ ಪೂರ್ತಿ ಅಂಕ ಕೊಡುತ್ತಿದ್ದೆ.